ಲಂಡನ್‌ಗೆ ಬರುವ ತುಮಕೂರಿನವರೇ, ಮನೆಗಿಂತ ಮೊದಲು ಬೀದಿ ನೋಡಿ

ಲಂಡನ್‌ನಲ್ಲಿ ಕೆಲಸ ಸಿಕ್ಕಿದೆ, ಯಾವ ಏರಿಯಾ ಚೆನ್ನಾಗಿದೆ ಹೇಳಿ ಅಂತ ನಮ್ಮ ತುಮಕೂರು ಕಡೆಯವರು ಕೇಳಿದಾಗ ನಾನು ತಿರುಗಿ ಕೇಳುವುದು ಒಂದೇ. ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಆಫೀಸಿಗೆ ಹೋಗುವವರು ಬೆಳಿಗ್ಗೆ ಹೋದರೆ ಬರುವುದು ಸಂಜೆಗೇ. ಆ ಬೀದಿಯಲ್ಲಿ ದಿನ ಕಳೆಯುವುದು ಹೆಂಡತಿಯೋ ಗಂಡನೋ, ಮಗು, ಆಮೇಲೆ ಊರಿಂದ ಬಂದು ಕೆಲವು ತಿಂಗಳು ಇರುವ ಅಪ್ಪ ಅಮ್ಮ. ಅವರಿಗೆ ಒಗ್ಗದ ಕಡೆ ಎಷ್ಟು ದೊಡ್ಡ ಮನೆ ಹಿಡಿದರೂ ನೆಮ್ಮದಿ ಇರುವುದಿಲ್ಲ.

ಎಸ್.ಎಸ್. ಪುರಂನಲ್ಲೋ ಅಶೋಕನಗರದಲ್ಲೋ ಇದ್ದವರಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಸೊಪ್ಪು, ಹೂವು, ಮೆಡಿಕಲ್ ಶಾಪು, ದೇವಸ್ಥಾನ ಎಲ್ಲಾ ಆಗಬೇಕು, ದಾರಿಯಲ್ಲಿ ನಾಲ್ಕು ಜನ ಮಾತಾಡಿಸಬೇಕು. ಇಂಥವರಿಗೆ ಈಸ್ಟ್ ಹ್ಯಾಮ್, ವೆಂಬ್ಲಿ ಬೇಗ ಹಿಡಿಸುತ್ತವೆ. ಈಸ್ಟ್ ಹ್ಯಾಮ್ ಸುತ್ತಮುತ್ತ ದೋಸೆ ಹೋಟೆಲ್‌ಗಳಿವೆ, ಮಹಾಲಕ್ಷ್ಮಿ ದೇವಸ್ಥಾನ, ಮುರುಗನ್ ದೇವಸ್ಥಾನ ಇವೆ. ವೆಂಬ್ಲಿಯ ಈಲಿಂಗ್ ರೋಡ್‌ನಲ್ಲಿ ಮೆಂತ್ಯ ಸೊಪ್ಪು, ಕರಿಬೇವು ಸಿಗುತ್ತದೆ. ಜನಸಂದಣಿ ಮಾತ್ರ ಜಾಸ್ತಿ. ಗುಬ್ಬಿ, ತಿಪಟೂರು ಕಡೆ ತೋಟದ ಮನೆಯಲ್ಲಿ ಬೆಳೆದವರಿಗೆ ಅದೇ ಬೀದಿಯಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ. ಅವರು ಲಂಡನ್‌ನ ಪಶ್ಚಿಮಕ್ಕಿರುವ ರೆಡಿಂಗ್ ಊರಿನ ಕಡೆ ನೋಡಲಿ. 2022ರಲ್ಲಿ ಎಲಿಜಬೆತ್ ಲೈನ್ ಅನ್ನುವ ರೈಲಿನ ಓಡಾಟ ಶುರುವಾದ ಮೇಲೆ ಅಲ್ಲಿಂದ ಲಂಡನ್ ಒಳಗೆ ಬರುವುದು ಸಲೀಸು, ಪಾಸ್ ಮಾಡಿಸಿಕೊಂಡು ದಿನಾ ಯಶವಂತಪುರಕ್ಕೆ ಓಡಾಡಿದ ನಮಗೆ ಇದೇನು ಹೊಸದಲ್ಲ ಅಲ್ವಾ. ಆದರೆ ರೆಡಿಂಗ್ ಲಂಡನ್‌ನ ಆರು ಜೋನ್‌ಗಳ, ಅಂದರೆ ಟಿಕೆಟ್ ದರದ ವಲಯಗಳ, ಆಚೆ ಇದೆ. ಟಿಕೆಟ್ ದುಡ್ಡನ್ನೂ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ.

ಬಿಸಿಲಿನ ವಿಷಯ ಊರಲ್ಲಿ ಯಾರೂ ಹೇಳಿ ಕಳಿಸುವುದಿಲ್ಲ. ದಕ್ಷಿಣ ದಿಕ್ಕಿನ ಮನೆ ಬೇಡ ಅಂತ ನಮ್ಮಲ್ಲಿ ಎಷ್ಟೋ ಜನ ಒಳಗೆ ಕಾಲೇ ಇಡುವುದಿಲ್ಲ. ಇಲ್ಲಿ ದಕ್ಷಿಣದ ಕಿಟಕಿ, ದಕ್ಷಿಣದ ಹಿತ್ತಲು ಅಂದರೆ ಬೆಲೆ ಜಾಸ್ತಿ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ, ಅಲ್ಲಿಯವರೆಗೂ ದಕ್ಷಿಣದಲ್ಲೇ ಕೆಳಗೆ ಕೆಳಗೆ ಸಾಗುತ್ತಾನೆ. ಉತ್ತರಕ್ಕೆ ಮಾತ್ರ ಕಿಟಕಿ ಇರುವ ಮನೆಗೆ ಚಳಿಗಾಲ ಪೂರ್ತಿ ಬಿಸಿಲು ಬೀಳುವುದಿಲ್ಲ. ಮನೆಯಲ್ಲೇ ಇರುವವರ ಮನಸ್ಸು ಮಂಕಾಗುವುದಕ್ಕೆ ಅಷ್ಟು ಸಾಕು. ಜೊತೆಗೆ ಬಟ್ಟೆ ಒಳಗೇ ಒಣಗಿಸಬೇಕು, ಆ ತೇವಕ್ಕೆ ಗೋಡೆ ಬೂಸ್ಟು ಹಿಡಿಯುತ್ತದೆ. ಮನೆ ನೋಡಲು ಹೋದಾಗ ಪರದೆ ಸರಿಸಿ ಕಿಟಕಿಯ ಮೂಲೆ ನೋಡಿ, ಬೀರುವಿನ ಹಿಂದೆ ಕೈಯಾಡಿಸಿ. ಕಪ್ಪು ಚುಕ್ಕೆ ಇದ್ದರೆ, ಅಥವಾ ಒಂದು ಮೂಲೆಗೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ, ಯಾಕೆ ಅಂತ ನೇರವಾಗಿ ಕೇಳಿ. ಪುಟ್ಟ ಮಕ್ಕಳಿರುವವರು ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಸದ್ದೂ ಹಾಗೇ. ಹೌನ್ಸ್‌ಲೊ ಹೀಥ್ರೂ ಏರ್‌ಪೋರ್ಟ್ ಪಕ್ಕದಲ್ಲೇ ಇದೆ. ಗಾಳಿ ಪಶ್ಚಿಮದಿಂದ ಬೀಸುವ ದಿನಗಳಲ್ಲಿ ವಿಮಾನ ಇಳಿಯುವ ರನ್‌ವೇಯನ್ನು ಮಧ್ಯಾಹ್ನ ಮೂರು ಗಂಟೆಗೆ ಬದಲಾಯಿಸುತ್ತಾರೆ, ಬೆಳಿಗ್ಗೆ ತೆಪ್ಪಗಿದ್ದ ಬೀದಿಯಲ್ಲಿ ಮೂರರ ಮೇಲೆ ತಲೆ ಮೇಲೇ ಸಾಲುಸಾಲು ವಿಮಾನ ಹೋಗುತ್ತವೆ. ಹಾಗಾಗಿ ಮೂರರ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹೋಗಿ ನೋಡಿ. ಇಲ್ಲಿ ಟೆರೇಸ್ ಮನೆ ಅಂದರೆ ಒಂದಕ್ಕೊಂದು ಅಂಟಿಕೊಂಡ ಸಾಲು ಮನೆ, ಅಕ್ಕಪಕ್ಕದವರ ಗೋಡೆ ಒಂದೇ. ನಿಮ್ಮ ಮಿಕ್ಸಿ ಅವರಿಗೆ ಕೇಳುತ್ತದೆ, ಅವರ ಟಿವಿ ನಿಮಗೆ. ಒಂದು ಡಬ್ಬಿ ಕೋಡುಬಳೆ ತೆಗೆದುಕೊಂಡು ಹೋಗಿ ಮೊದಲ ವಾರವೇ ಪರಿಚಯ ಮಾಡಿಕೊಳ್ಳಿ, ಆಮೇಲೆ ಎಷ್ಟೋ ವಿಷಯ ಸುಲಭವಾಗುತ್ತದೆ.

ಸರ್ಕಾರಿ ಶಾಲೆಯ ಸೀಟಿಗೆ ಮನೆ ಎಷ್ಟು ಹತ್ತಿರ ಅನ್ನುವುದು ಬಹಳ ಕಡೆ ಲೆಕ್ಕಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್‌ಗೆ ಪ್ರೈಮರಿ ಶಾಲೆ ಸೇರಬೇಕಾದರೆ ಅರ್ಜಿಗೆ ಜನವರಿ 15 ಕೊನೆಯ ದಿನ. ವರ್ಷದ ಮಧ್ಯೆ ಬಂದರೆ ಸೀಟು ಎಲ್ಲಿ ಖಾಲಿ ಇದೆ ಅಂತ ಕೌನ್ಸಿಲ್‌ನಲ್ಲಿ (ಅಲ್ಲಿನ ಸ್ಥಳೀಯ ಆಡಳಿತ) ವಿಚಾರಿಸಿ, ಆಮೇಲೆ ಮನೆ ಹಿಡಿಯಿರಿ.

ದುಡ್ಡಿನ ವಿಷಯಕ್ಕೆ ಬಂದರೆ, ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. 2019ರ ಕಾನೂನಿನ ಪ್ರಕಾರ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವಂತಿಲ್ಲ. ಕೌನ್ಸಿಲ್ ಟ್ಯಾಕ್ಸ್ ಮಾತ್ರ ಬಹುಪಾಲು ಬಾಡಿಗೆದಾರರೇ ಕಟ್ಟಬೇಕು, ಆ ಮನೆ ಯಾವ ಬ್ಯಾಂಡ್‌ಗೆ, ಅಂದರೆ ಯಾವ ತೆರಿಗೆ ಹಂತಕ್ಕೆ, ಸೇರಿದೆ ಅಂತ ಮೊದಲೇ ಕೇಳಿಕೊಳ್ಳಿ. ನೀವು ಕೊಟ್ಟ ಡೆಪಾಸಿಟ್ಟನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮ್‌ನಲ್ಲಿ ಇಡಬೇಕು. ಅದರ ವಿವರ ನಿಮ್ಮ ಕೈಗೆ ಬರದಿದ್ದರೆ ಸುಮ್ನೆ ಕೂರಬೇಡಿ, ಕೇಳಿ ತರಿಸಿಕೊಳ್ಳಿ.