ಪಾರ್ಕಿನ್ಸನ್‌ಗೆ ಮನೆಯ ನೆಲ ಕೊರೆಸಿದ ನನ್ನ ಅನುಭವ

ಕಾಲು ನೆಲ ಕಚ್ಚಿಕೊಳ್ಳುವುದು ಅಂದರೆ ಏನು ಅಂತ ಪಾರ್ಕಿನ್ಸನ್ (ನಡಿಗೆ, ಚಲನೆ ಕೆಡಿಸುವ ನರರೋಗ) ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು, ತಿರುವು, ಇಕ್ಕಟ್ಟು ಜಾಗ. ಮೈ ಮುಂದೆ ಹೋಗುತ್ತದೆ, ಪಾದ ಅಲ್ಲೇ. ಗೋಣಿಕೊಪ್ಪದ ಹತ್ತಿರ ನಮ್ಮದು ಹಳೇ ಮನೆ. ರೆಡ್ ಆಕ್ಸೈಡ್ ನೆಲ, ಕೋಣೆಗೊಂದು ಎತ್ತರದ ಹೊಸ್ತಿಲು. ಕಾಯಿಲೆ ಬಂದು ಏಳೆಂಟು ವರ್ಷವಾಯಿತು. ನೆಲಕ್ಕೆ ಅಡ್ಡಡ್ಡ ಗೆರೆ ಕೊರೆಸಿಕೊಂಡಿದ್ದರಿಂದ ಈಗಲೂ ಮಲಗುವ ಕೋಣೆಯಿಂದ ಅಡುಗೆಮನೆಗೆ, ಅಲ್ಲಿಂದ ಜಗಲಿಗೆ ಯಾರ ಕೈಯೂ ಹಿಡಿಯದೆ ಓಡಾಡುತ್ತೇನೆ. "ಗೆರೆ ಎಳೆದರೆ ಕಾಯಿಲೆ ಹೋಗ್ತದಾ ಭಾವ?" ಅಂದಿದ್ದ ಹೆಂಡತಿಯ ತಮ್ಮ ಮೊನ್ನೆ ತನ್ನ ಸ್ನೇಹಿತರನ್ನು ಕರೆದುಕೊಂಡು ಬಂದು ತೋರಿಸಿದ.

ಅಡ್ಡ ಗೆರೆ ಕಂಡರೆ ದಾಟಲು ಕಾಲು ಏಳುತ್ತದೆ ಅನ್ನುವುದನ್ನು ನಿಮಗೂ ಫಿಸಿಯೋದವರು ಹೇಳಿರುತ್ತಾರೆ. ಕಷ್ಟ ಇರುವುದು ಕೊಡಗಿನ ಮಳೆಗಾಲದಲ್ಲಿ ಆ ಗೆರೆ ಉಳಿಸಿಕೊಳ್ಳುವುದರಲ್ಲಿ. ಮೊದಲು ಬಣ್ಣದ ಟೇಪ್ ಅಂಟಿಸಿದೆವು. ನಾನೂರೋ ಐನೂರೋ ಆಯಿತು. ಜೂನ್ ಬಂತು, ನೆಲ ಬೆವರಿತು, ಟೇಪಿನ ತುದಿ ಎದ್ದು ಸುರುಳಿಯಾಯಿತು. ಎಳೆದುಕೊಂಡು ನಡೆಯುವ ಕಾಲಿಗೆ ಅದು ಸಿಕ್ಕಿದರೆ ಬಿದ್ದ ಹಾಗೇ ಲೆಕ್ಕ. ಆಮೇಲೆ ಬಿಳಿ ಆಯಿಲ್ ಪೇಂಟ್. ಒದ್ದೆ ಕಾಲಿಗೆ ಜಾರುತ್ತದೆ, ಓಡಾಟ ಜಾಸ್ತಿ ಇರುವ ಕಡೆ ಬೇಗ ಸವೆದೂ ಹೋಯಿತು. ಲೇಸರ್ ಗೆರೆ ಬೀಳುವ ಕೋಲಿಗೆ ಸಾವಿರಗಟ್ಟಲೆ ಸುರಿದೆ. ರಾತ್ರಿ ಚೆನ್ನಾಗಿಯೇ ಕಾಣುತ್ತದೆ, ಹಗಲು ಜಗಲಿಯ ಬೆಳಕಿನಲ್ಲಿ ಹುಡುಕಬೇಕು.

ಕೊನೆಗೆ ನೆಲವನ್ನೇ ಕೊರೆಸಿದೆ. ಮೇಸ್ತ್ರಿ ಮೊದಲು ಒಪ್ಪಲೇ ಇಲ್ಲ. "ಅಜ್ಜನ ಕಾಲದ ನೆಲ ಸಾರ್, ಇಂಥ ಪಾಲಿಶ್ ಇನ್ನು ಸಿಗೋದಿಲ್ಲ" ಅಂತ ಕಟ್ಟರ್ ಮಷೀನ್ ಕೆಳಗಿಟ್ಟು ಕೂತುಬಿಟ್ಟರು. ಹೇಗೋ ಒಪ್ಪಿಸಿದೆ. ಒಂದೊಂದು ಗೆರೆಯೂ ಒಂದೂವರೆ ಇಂಚು ಅಗಲ, ಕಾಲಿಂಚು ಆಳ. ಅದರೊಳಗೆ ವೈಟ್ ಸಿಮೆಂಟ್ ತುಂಬಿಸಿ, ನೆಲದ ಮಟ್ಟಕ್ಕೆ ತಿಕ್ಕಿಸಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಂದು ಗೊತ್ತಾಗಬಾರದು, ಅಷ್ಟು ಸಮ. ಬರೀ ವೈಟ್ ಸಿಮೆಂಟ್ ಬಿರುಕು ಬಿಟ್ಟಿತು. ಅದಕ್ಕೆ ಇನ್ನೊಂದು ವಸ್ತು ಸೇರಿಸಿದ್ದೇವೆ. ಅದೇನು, ಎಷ್ಟು ಅನ್ನುವುದು ಸದ್ಯಕ್ಕೆ ನನ್ನ, ಮೇಸ್ತ್ರಿಯ ಹತ್ತಿರವೇ ಇರಲಿ. ಎರಡು ಮಳೆಗಾಲ ಕಳೆದರೂ ಒಂದು ಗೆರೆಯೂ ಎದ್ದಿಲ್ಲ. ಕೂಲಿ, ಸಾಮಾನು ಎಲ್ಲ ಸೇರಿ ಎಂಟು ಸಾವಿರದ ಆಸುಪಾಸು.

ನಡೆಯುವ ದಿಕ್ಕಿಗೇ ಉದ್ದುದ್ದ ಗೆರೆ ಎಳೆದರೆ ಏನೂ ಪ್ರಯೋಜನವಿಲ್ಲ, ಸೀಮೆಸುಣ್ಣದಲ್ಲಿ ಎಳೆದು ನೋಡಿದ್ದೇನೆ. ತಿರುವಿನಲ್ಲಿ ಮಾತ್ರ ಗೆರೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಬೇಕು. ಇದಕ್ಕೆ ಯಾರೂ ಗಮನ ಕೊಡುವುದಿಲ್ಲ. ನಾವು ಬೀಳುವುದು ತಿರುಗುವಾಗಲೇ ಅಲ್ವಾ?

ಹೊಸ್ತಿಲು ತೆಗೆಸಿ ಅಂತ ಎಲ್ಲರೂ ಹೇಳಿದರು. ಬಚ್ಚಲಿನದ್ದು ತೆಗೆಸಿದೆ, ಉಳಿದದ್ದು ಇದೆ. ಅಂಚಿಗೆ ಬಿಳಿ ಬಳಿದ ಮೇಲೆ ನನಗೆ ಅದೂ ಒಂದು ಗೆರೆ. ಕಾಲು ಎತ್ತಲು ಆಗದ ದಿನ ಬಂದರೆ ಅದನ್ನೂ ತೆಗೆಸುತ್ತೇನೆ.

ಬಚ್ಚಲಿಗೆ ತಂದ ಸ್ಟೀಲ್ ಹಿಡಿಕೆ ಮಣ್ಣಿನ ಗೋಡೆಯಲ್ಲಿ ನಿಲ್ಲಲಿಲ್ಲ. ಸ್ಕ್ರೂ ಸಮೇತ ಕೈಗೆ ಬಂತು. ಗುಜರಿಗೆ ಹಾಕಬೇಕೆಂದಿದ್ದ ಹಳೇ ಜಿಐ ಪೈಪನ್ನು ನೆಲದಿಂದ ಮೇಲಿನ ತೊಲೆವರೆಗೆ ನಿಲ್ಲಿಸಿದೆ. ವೆಲ್ಡಿಂಗ್‌ಗೆ ಆರುನೂರು. ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿದ್ದೇನೆ, ಸೋಪಿನ ಕೈಯೂ ಜಾರುವುದಿಲ್ಲ. ಹಳೇ ಮನೆ ಇರುವವರು ಗೋಡೆ ನಂಬಬೇಡಿ, ತೊಲೆ ನಂಬಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಇಲ್ಲ. ಕತ್ತಲಲ್ಲಿ ಗೆರೆ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಮೊಣಕಾಲಿನ ಎತ್ತರದಲ್ಲಿ ಚಾರ್ಜಿಂಗ್ ಲೈಟ್ ಸಿಕ್ಕಿಸಿದ್ದೇವೆ. ಮೇಲಿನ ಲೈಟಿಗೆ ನಮ್ಮ ನೆರಳೇ ಗೆರೆಯ ಮೇಲೆ ಬೀಳುತ್ತದೆ.

ತಾಳದ ಪ್ರಯೋಗವೂ ನಡೆಯಿತು. ಮೊಬೈಲಿನಲ್ಲಿ ವಾಲಗ ಹಾಕಿಕೊಂಡು ನಡೆದೆ. ಹೆಜ್ಜೆ ಚಿಕ್ಕದಾಗಿ, ಓಟವಾಗಿ, ಗೋಡೆಗೆ ಹೋಗಿ ನಿಂತೆ. ದುಡಿಯ ನಿಧಾನದ ಪೆಟ್ಟು ನನಗೆ ಸರಿಹೋಯಿತು. ಈಗ ಮೊಬೈಲೂ ಬೇಡ, ಮನಸ್ಸಿನಲ್ಲೇ ಹಾಕಿಕೊಳ್ಳುತ್ತೇನೆ.

ಊಟದ ವಿಷಯ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೊಪಾ ಮಾತ್ರೆಗೂ ಮಾಂಸಕ್ಕೂ ಆಗುವುದಿಲ್ಲ. ಪ್ರೋಟೀನ್ ಜಾಸ್ತಿಯಾದರೆ ಮಾತ್ರೆ ಹಿಡಿಯುವುದಿಲ್ಲ. ಮಧ್ಯಾಹ್ನ ಕಡಂಬುಟ್ಟು (ಅಕ್ಕಿ ಉಂಡೆ), ಪಂದಿಕರಿ (ಹಂದಿ ಮಾಂಸದ ಸಾರು) ಹೊಡೆದರೆ ಸಂಜೆವರೆಗೆ ಕುರ್ಚಿಯಲ್ಲೇ. ಡಾಕ್ಟರನ್ನು ಕೇಳಿ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಮಾಡಿಕೊಂಡೆ, ಮಾಂಸ ರಾತ್ರಿಗೆ ಹೋಯಿತು. ತೋಟದ ಬದಿಯ ನಸುಗುನ್ನಿ ಬೀಜದಲ್ಲೂ ಲೆವೊಡೊಪಾ ಇದೆ, ನಿಜ. ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ಯಾರಿಗೆ ಗೊತ್ತು? ಮಾತ್ರೆಯ ಜೊತೆ ಅದನ್ನು ಸೇರಿಸಲು ಹೋಗಬೇಡಿ.

ಹಾಸಿಗೆಯಲ್ಲಿ ಮಗ್ಗುಲು ತಿರುಗಲು ಹೆಂಡತಿಯ ಹಳೇ ಸಿಲ್ಕ್ ಸೀರೆ ಹಾಸಿದ್ದೇವೆ. ಭುಜದಿಂದ ಸೊಂಟದವರೆಗೆ ಮಾತ್ರ. ಪೂರ್ತಿ ಹಾಸಿದರೆ ಹಿಮ್ಮಡಿಗೆ ಹಿಡಿತ ಸಿಗದೆ ಕೆಳಕ್ಕೆ ಜಾರುತ್ತೀರಿ.

ಗೆರೆಯ ಅಂತರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನನ್ನದು ಸುಮಾರು 17 ಇಂಚು. ಇದನ್ನು ನೋಡಿ ನಿಮ್ಮ ನೆಲ ಕೊರೆಸಬೇಡಿ. ಮಾತ್ರೆ ಚೆನ್ನಾಗಿ ಹಿಡಿದ ಹೊತ್ತಿನಲ್ಲಿ ಒಬ್ಬರು ಪಕ್ಕದಲ್ಲೇ ಇರಲಿ, ನೀವು ನಡೆಯಿರಿ. ಹೆಜ್ಜೆ ಬಿದ್ದ ಕಡೆ ಸೀಮೆಸುಣ್ಣದ ಗುರುತು ಹಾಕಿಸಿ. ಅದೇ ಗುರುತಿನ ಮೇಲೆ ಒಂದೆರಡು ವಾರ ಓಡಾಡಿ, ಹೊಂದಿದರೆ ಮಾತ್ರ ಮೇಸ್ತ್ರಿಯನ್ನು ಕರೆಯಿರಿ.