ಕಾಡ್ಗಿಚ್ಚಿನ ಹೊಗೆ: ಬೆಂಕಿ ಆರಿಸುವವರು ಉಸಿರು ಕಾಪಾಡಿಕೊಳ್ಳುವುದು ಹೇಗೆ?

ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಶಿವಮೊಗ್ಗ ಜಿಲ್ಲೆಯ ಶೆಟ್ಟಿಹಳ್ಳಿಯ ಕಾಡಿನಲ್ಲಿ, ಕೊಡಚಾದ್ರಿಯ ಹುಲ್ಲುಗುಡ್ಡಗಳಲ್ಲಿ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಹೋಗುವವರು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳುತ್ತಾರೆ. ಅದು ಬೂದಿಯನ್ನು ತಡೆಯುತ್ತದೆ, ಅಷ್ಟೇ. ಶ್ವಾಸಕೋಶದ ಆಳಕ್ಕಿಳಿಯುವ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ನುಸುಳುತ್ತವೆ. ಬೆಂಕಿ ಆರಿಸುವ ವೃತ್ತಿಯೇ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಹೇಳಿದೆ.

1. ಇಂಥ ಸಣ್ಣ ಕಣಗಳನ್ನು ಸೋಸುವ ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ತನ್ನಿ. ಕಿವಿಗೆ ಸಿಕ್ಕಿಸುವಂಥದ್ದು ಬೇಡವೇ ಬೇಡ, ತಲೆಯ ಹಿಂದೆ ಹೋಗುವ ಎರಡು ಪಟ್ಟಿಗಳಿರಲಿ. ಎನ್95 ಎಂದು ಅಚ್ಚು ಹಾಕಿ ಅಗ್ಗಕ್ಕೆ ಮಾರುವ ಮೆತ್ತನೆಯ ಬಟ್ಟೆ ಮಾಸ್ಕ್‌ಗೆ ದುಡ್ಡು ಸುರಿಯಬೇಡಿ.

2. ಹೆಚ್ಚಿನವರು ಎಡವುವುದು ಅದನ್ನು ಧರಿಸುವಾಗ. ಗಡ್ಡವಿದ್ದರೆ ಬೋಳಿಸಲೇಬೇಕು. ಎರಡು ದಿನದ ಕುರುಚಲು ಕೂಡ ಮಾಸ್ಕ್ ಅಂಚು ಚರ್ಮಕ್ಕೆ ಅಂಟಿ ಕೂರಲು ಬಿಡುವುದಿಲ್ಲ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗದಲ್ಲಿ, ಕೆಳಗಿನದು ಕಿವಿಯ ಕೆಳಗೆ ಕತ್ತಿನ ಹಿಂದೆ ಇರಬೇಕು. ಎರಡನ್ನೂ ಕತ್ತಿಗೇ ಇಳಿಬಿಟ್ಟರೆ ಗಲ್ಲದ ಹತ್ತಿರ ಸಂದು ಬೀಳುತ್ತದೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮಡಿಕೆ ಬಿದ್ದು ಗಾಳಿ ನುಗ್ಗುತ್ತದೆ. ಎರಡೂ ಕೈಗಳ ಬೆರಳಿನಿಂದ ನಡುವಿನಿಂದ ಕೆನ್ನೆಯ ಕಡೆಗೆ ಒತ್ತುತ್ತ ಬನ್ನಿ. ಈಗ ಅಂಗೈಗಳಿಂದ ಮಾಸ್ಕ್ ಮುಚ್ಚಿ ಉಸಿರೆಳೆಯಿರಿ, ಅದು ಮುಖದತ್ತ ತುಸು ಒಳಸರಿಯಬೇಕು. ಉಸಿರು ಬಿಟ್ಟಾಗ ಕಣ್ಣಿಗೆ ಗಾಳಿ ತಾಗಿದರೆ ಮತ್ತೆ ಒತ್ತಿ. ಇದೆಲ್ಲ ಜೀಪಿನಿಂದ ಇಳಿಯುವ ಮೊದಲೇ ಆಗಲಿ.

3. ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಿ.

4. ಜ್ವಾಲೆ ಅಡಗಿತೆಂದು ಮಾಸ್ಕ್ ಕಳಚಬೇಡಿ. ಧಗಧಗ ಉರಿಯುವ ಹುಲ್ಲಿಗಿಂತ ಒಳಗೊಳಗೇ ಹೊಗೆಯಾಡುವ ಮರದ ಬೊಡ್ಡೆಯೇ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಉಗುಳುತ್ತದೆ. ಎನ್95 ಹೊಗೆಯ ಕಣಗಳನ್ನು ತಡೆಯುತ್ತದೆ, ಆದರೆ ಆ ಅನಿಲವನ್ನು ತಡೆಯಲಾರದು. ಅನಿಲ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಹಾಗಾಗಿ ಬೊಡ್ಡೆಗಳಿಗೆ ನೀರು, ಮಣ್ಣು ಹಾಕುವ ಕೆಲಸಕ್ಕೆ ಒಬ್ಬರನ್ನೇ ಗಂಟೆಗಟ್ಟಲೆ ಬಿಡದೆ ಸರದಿ ಬದಲಿಸಿ. ತಲೆನೋವು, ವಾಕರಿಕೆ, ತಲೆಸುತ್ತು ಬಂದವರನ್ನು ‘ಬಿಸಿಲಿಗೆ ಹೀಗಾಗಿದೆ’ ಎಂದು ನೆರಳಲ್ಲಿ ಕೂರಿಸಿ ಸುಮ್ಮನಾಗಬೇಡಿ, ಹೊಗೆಯಿಂದ ದೂರ ಕರೆದೊಯ್ಯಿರಿ. ಮಂಕು ಕವಿದಂತಿದ್ದರೆ ನೇರವಾಗಿ ಆಸ್ಪತ್ರೆಗೆ.

5. ರಾತ್ರಿ ಹೊಗೆ ಕಣಿವೆಗೆ ಇಳಿದು ನಿಲ್ಲುತ್ತದೆ. ಮಲಗುವ ಜಾಗ ತಗ್ಗಿನಲ್ಲಿ ಬೇಡ. ಊಟಕ್ಕೆ ಮೊದಲು ಕೈ, ಮುಖ, ಕತ್ತು ಸೋಪು ಹಾಕಿ ತೊಳೆಯಿರಿ. ಮಸಿ ಹಿಡಿದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ.