ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬ, ಮೈಗೆ ಹಿಡಿಸುವ ಊಟ: ಕುಚ್ಚಲಕ್ಕಿ, ಹುರುಳಿ, ಬೂತಾಯಿಯ ಲೆಕ್ಕ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಒಂದು ತಿಂಗಳು ದಿನಸಿ ಲೆಕ್ಕ ಬರೆದಿಟ್ಟು ನೋಡಿ. ದುಡ್ಡು ಸೋರುವುದು ಹೆಚ್ಚಾಗಿ ನಾಲ್ಕು ಕಡೆ: ತೆಂಗಿನಕಾಯಿ, ಎಣ್ಣೆ, ಘಟ್ಟದ ಮೇಲಿಂದ ಇಳಿಯುವ ತರಕಾರಿ, ಸಂಜೆಯ ಬೇಕರಿ ಪೊಟ್ಟಣ. ಅಕ್ಕಿ, ಕಾಳು ಕಡಿಮೆ ಮಾಡಿ ಉಳಿಸಲು ಹೋದರೆ ಮಕ್ಕಳ ತಟ್ಟೆ ಬಡವಾಗುತ್ತದೆ. ಮೊದಲು ಈ ನಾಲ್ಕನ್ನು ಹಿಡಿತಕ್ಕೆ ತನ್ನಿ, ಉಳಿದ ಹಣವನ್ನು ಕಾಳು, ಮೀನು, ಮೊಟ್ಟೆಗೆ ಹಾಕಿ.

ಇಲ್ಲಿನ ಅಳತೆಗಳೆಲ್ಲ ನಾಲ್ಕು ಜನರ ಮನೆಗೆ. ದಿನಕ್ಕೆ ಎರಡು ಹೊತ್ತಿನ ಅನ್ನಕ್ಕೆ ಸುಮಾರು ಒಂದು ಕೆಜಿ ಅಕ್ಕಿ ಬೇಕು. ಕಾಳು, ಬೇಳೆ ತಿಂಗಳಿಗೆ 5 ಕೆಜಿ: ಹುರುಳಿ ಒಂದೂವರೆ, ತೊಗರಿ ಒಂದೂವರೆ, ಹೆಸರುಕಾಳು ಒಂದು, ಕಡ್ಲೆ ಅಥವಾ ಅಲಸಂಡೆ ಬೀಜ ಒಂದು. ಎಣ್ಣೆ ಎಲ್ಲ ಸೇರಿ 2 ಲೀಟರ್. ಎಣ್ಣೆಯನ್ನು ತಿಂಗಳ ಮೊದಲ ದಿನವೇ ಅರ್ಧ ಲೀಟರಿನ ನಾಲ್ಕು ಬಾಟಲಿಗಳಿಗೆ ಹಂಚಿ, ವಾರಕ್ಕೆ ಒಂದನ್ನೇ ತೆರೆಯಿರಿ. ಬುಧವಾರವೇ ಬಾಟಲಿ ಖಾಲಿಯಾದರೆ ಆ ವಾರ ಕರಿದದ್ದು ಹೆಚ್ಚಾಗಿದೆ ಎಂದು ಕಣ್ಣಿಗೇ ಕಾಣುತ್ತದೆ.

ಅನ್ನ, ಗಂಜಿ, ಗ್ಯಾಸ್

ಕುಚ್ಚಲಕ್ಕಿಯನ್ನು ಬಿಡಬೇಡಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ, ಹಾಗಾಗಿ ಮಿಲ್ಲಿನಲ್ಲಿ ತೌಡು ಹೋದರೂ ಬೆಳ್ತಿಗೆಗಿಂತ (ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿ) ಹೆಚ್ಚು ಸತ್ವ ಉಳಿದಿರುತ್ತದೆ. ರೇಷನ್‌ನಲ್ಲಿ ಬೆಳ್ತಿಗೆ ಸಿಕ್ಕಿದರೆ ಅದನ್ನು ದೋಸೆ, ಕಡುಬಿಗೆ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಕೊಳ್ಳುವ ದುಡ್ಡು ಕುಚ್ಚಲಕ್ಕಿಗೆ ಹೋಗಲಿ.

ಕುಚ್ಚಲಕ್ಕಿಯ ತೊಂದರೆ ಒಂದೇ, ಬೇಯಲು ತುಂಬ ಹೊತ್ತು ಬೇಕು. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಒಲೆ ಉರಿಯುತ್ತದೆ. ಅಕ್ಕಿಯನ್ನು ತೊಳೆದು ಅರ್ಧ ಗಂಟೆ ಬಿಸಿ ನೀರಿನಲ್ಲಿ ನೆನೆಸಿ, ಒಂದು ಪಾಲು ಅಕ್ಕಿಗೆ ಐದು ಪಾಲು ನೀರಿನಲ್ಲಿ 20 ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಬಿಸಿ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗೆ ಇಳಿಸಿ ಒಂದೂವರೆ ಗಂಟೆ ಮುಚ್ಚಿಡಿ. ಅನ್ನ ತಾನಾಗಿ ಅರಳುತ್ತದೆ. ಗಟ್ಟಿಯಾಗಿಯೇ ಉಳಿದರೆ ಕಾರಣ ಎರಡರಲ್ಲೊಂದು: ನಡುವೆ ಮುಚ್ಚಳ ತೆರೆದು ನೋಡಿದ್ದೀರಿ, ಅಥವಾ ಪಾತ್ರೆ ಅರ್ಧವೇ ತುಂಬಿತ್ತು. ಮುಕ್ಕಾಲು ಭಾಗ ತುಂಬಿರದಿದ್ದರೆ ಬಿಸಿ ಹಿಡಿದು ನಿಲ್ಲುವುದಿಲ್ಲ. ಬಸಿದ ತೆಳಿಯನ್ನು ಚೆಲ್ಲದೆ ಉಪ್ಪು, ಮಜ್ಜಿಗೆ ಹಾಕಿ ಕುಡಿಯಿರಿ, ಇಲ್ಲವೇ ಸಾರಿಗೆ ಸೇರಿಸಿ.

ಗಂಜಿ, ಉಪ್ಪಿನಕಾಯಿ ನಾಲಿಗೆಗೆ ಹಿತ, ನಿಜ. ಆದರೆ ಅದಷ್ಟೇ ಒಂದು ಹೊತ್ತಿನ ಊಟವಾದರೆ ಪ್ರೊಟೀನ್ ಸಾಲುವುದಿಲ್ಲ, ಎರಡು ಗಂಟೆಯೊಳಗೆ ಮತ್ತೆ ಹಸಿವು. ಬದಿಗೆ ಹುರುಳಿ ಚಟ್ನಿ, ಹೆಸರುಕಾಳು ಪಲ್ಯ, ಒಣಮೀನು ಇವುಗಳಲ್ಲಿ ಒಂದಾದರೂ ಇರಲೇಬೇಕು. ನೀರುದೋಸೆಗೂ ಇದೇ ಮಾತು: ಚಟ್ನಿ ಒಂದನ್ನೇ ಇಡದೆ ಕಡ್ಲೆ ಗಸಿ (ತೆಂಗಿನಕಾಯಿ ರುಬ್ಬಿ ಹಾಕಿದ ಮಂದ ಪದಾರ್ಥ) ಮಾಡಿ, ಅಥವಾ ತಲೆಗೊಂದು ಮೊಟ್ಟೆ ಕೊಡಿ.

ಕಾಲು ಕೆಜಿ ಹುರುಳಿಯಿಂದ ಮೂರು ಪದಾರ್ಥ

ತುಳುವಿನಲ್ಲಿ ಕುಡು ಎನ್ನುವ ಹುರುಳಿಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಪ್ರೊಟೀನ್ ಇದೆ, ತೊಗರಿಬೇಳೆಯಷ್ಟೇ. ಹೆಚ್ಚಿನ ದಿನಗಳಲ್ಲಿ ಬೆಲೆ ತೊಗರಿಗಿಂತ ಕಡಿಮೆ.

250 ಗ್ರಾಂ ಹುರುಳಿಯನ್ನು ತಟ್ಟೆಗೆ ಹರಡಿ ಕಲ್ಲು ಆರಿಸಿ. ಕಲ್ಲಿನ ಬಣ್ಣ ಹುರುಳಿಯದ್ದೇ ಆದ್ದರಿಂದ ಕಣ್ಣೊಂದನ್ನೇ ನಂಬಬೇಡಿ. ನೀರು ಹಾಕಿ ಪಾತ್ರೆಯನ್ನು ಸುತ್ತಿಸುತ್ತ ಮೇಲೆ ಬಂದ ಕಾಳನ್ನು ಸ್ವಲ್ಪ ಸ್ವಲ್ಪವೇ ಇನ್ನೊಂದು ಪಾತ್ರೆಗೆ ಹಾಯಿಸಿದರೆ ಕಲ್ಲು ತಳದಲ್ಲಿ ಉಳಿಯುತ್ತದೆ. ರಾತ್ರಿ ನೆನೆಹಾಕಿ, ಕನಿಷ್ಠ ಎಂಟು ಗಂಟೆ. ಬೆಳಿಗ್ಗೆ ಒಂದೂಕಾಲು ಲೀಟರ್ ಹೊಸ ನೀರಿನೊಂದಿಗೆ ಕುಕ್ಕರಿಗೆ ಹಾಕಿ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿದರೆ ನೊರೆ ಉಕ್ಕಿ ವಿಸಿಲ್ ಕಟ್ಟಿಕೊಳ್ಳುತ್ತದೆ. ಆರೇಳು ವಿಸಿಲ್ ಆದ ಮೇಲೆ ಹಬೆ ತಾನಾಗಿ ಇಳಿಯಲಿ. ಹುಣಸೆಹುಳಿಯನ್ನಾಗಲಿ ಪುನರ್ಪುಳಿಯನ್ನಾಗಲಿ (ಕೋಕಂ) ಬೇಯುವ ಮೊದಲು ಸೇರಿಸಬೇಡಿ. ಹುಳಿ ತಾಗಿದರೆ ಕಾಳು ಮೆತ್ತಗಾಗುವುದಿಲ್ಲ. ಹುಳಿ ಹಾಕದೆಯೂ ಬೇಯದಿದ್ದರೆ ಅದು ಹಳೆಯ ದಾಸ್ತಾನು, ಮುಂದಿನ ಸಲ ಅಂಗಡಿ ಬದಲಿಸಿ.

ಬೇಯಿಸಿದ ನೀರನ್ನು ಬಸಿದು, ನಾಲ್ಕು ಪುನರ್ಪುಳಿ ಸಿಪ್ಪೆ, ಉಪ್ಪು, ಒಂದು ಚೂರು ಬೆಲ್ಲ ಹಾಕಿ ಕುದಿಸಿ. ಎಂಟು ಎಸಳು ಬೆಳ್ಳುಳ್ಳಿ ಜಜ್ಜಿ, ಒಂದು ಚಮಚ ತೆಂಗಿನೆಣ್ಣೆಯಲ್ಲಿ ಕೆಂಪಗಾಗುವಷ್ಟು ಹುರಿದು ಒಣಮೆಣಸಿನ ಜೊತೆ ಒಗ್ಗರಣೆ ಕೊಟ್ಟರೆ ಮೊದಲ ಪದಾರ್ಥ, ಸಾರು, ಆಯಿತು. ಬೆಳ್ಳುಳ್ಳಿ ಕಪ್ಪಾದರೆ ಸಾರೆಲ್ಲ ಕಹಿ, ಆ ಒಗ್ಗರಣೆ ಬಿಟ್ಟು ಬೇರೆ ಮಾಡಿ. ಕಾಳಿನ ಅರ್ಧ ಭಾಗಕ್ಕೆ ಮೂರು ಚಮಚ ತೆಂಗಿನ ತುರಿ ಹಾಕಿ ಪಲ್ಯ. ಉಳಿದರ್ಧ ಫ್ರಿಜ್ಜಿಗೆ ಹೋಗಲಿ. ಮರುದಿನ ಮೂರು ಸುಟ್ಟ ಮೆಣಸು, ನೆಲ್ಲಿಕಾಯಿಯಲ್ಲಿ ಅರ್ಧದಷ್ಟು ಹುಣಸೆಹುಳಿ, ಎರಡು ಎಸಳು ಹಸಿ ಬೆಳ್ಳುಳ್ಳಿ ಸೇರಿಸಿ ಗಟ್ಟಿಯಾಗಿ ರುಬ್ಬಿದರೆ ಗಂಜಿಗೆ ಚಟ್ನಿ. ಇದಕ್ಕೆ ತೆಂಗಿನಕಾಯಿಯೇ ಬೇಡ.

ಮೀನು

ಬೆಲೆ ಕೇಳುವಾಗ ಕೆಜಿಯ ಬೆಲೆಗಿಂತ ತಿನ್ನಲು ಉಳಿಯುವ ಭಾಗದ ಬೆಲೆ ನೋಡಿ. ಒಂದು ಕೆಜಿ ಬೂತಾಯಿಯ (ಸಾರ್ಡಿನ್) ತಲೆ, ಹೊಟ್ಟೆ, ರೆಕ್ಕೆ ತೆಗೆದರೆ ಉಳಿಯುವುದು ಸುಮಾರು 600 ರಿಂದ 650 ಗ್ರಾಂ. ಕೆಜಿಗೆ 160 ರೂಪಾಯಿ ಹೇಳಿದರೆ ನಿಮ್ಮ ಕೈಗೆ ಬರುವುದು ಕೆಜಿಗೆ 250 ರೂಪಾಯಿಯ ಆಸುಪಾಸು. ಹೀಗೆ ಲೆಕ್ಕ ಹಾಕಿದರೂ ಬೂತಾಯಿ ದೊಡ್ಡ ಮೀನಾದ ಅಂಜಲಿಗಿಂತ ಎಷ್ಟೋ ಅಗ್ಗ. ಸತ್ವದಲ್ಲಿ ಹಿಂದಿಲ್ಲ, ಮೆತ್ತಗೆ ಬೆಂದ ಸಣ್ಣ ಮುಳ್ಳು ಸಮೇತ ತಿಂದರೆ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಬಂಗುಡೆ, ಬೂತಾಯಿ ರಾಶಿ ಬಿದ್ದ ದಿನ ಮಲ್ಪೆ ಬಂದರಿನಲ್ಲಾಗಲಿ ಮಂಗಳೂರಿನ ದಕ್ಕೆಯಲ್ಲಾಗಲಿ ದರ ಇಳಿಯುತ್ತದೆ. ಎರಡು ಮೂರು ಮನೆಯವರು ಸೇರಿ ತಂದು ಹಂಚಿಕೊಳ್ಳಿ.

ಕಿವಿರು ಕೆಂಪಗಿರಬೇಕು, ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಹೊಟ್ಟೆ ಒಡೆದು ಮೆತ್ತಗಾದ ಬೂತಾಯಿಯನ್ನು ಅಗ್ಗ ಎಂದು ತರಬೇಡಿ. ಎಣ್ಣೆ ಅಂಶದ ಈ ಮೀನು ಬಹುಬೇಗ ಕೆಡುತ್ತದೆ, ಕೆಟ್ಟದ್ದನ್ನು ಎಷ್ಟು ಕುದಿಸಿದರೂ ಮೈ ಕೆಂಪಾಗಿ ತುರಿಕೆ, ತಲೆನೋವು ಬರಬಹುದು.

ತೆಂಗಿನಕಾಯಿ ಉಳಿಸಬೇಕೆಂದರೆ ಪುಳಿಮುಂಚಿ ಮಾಡಿ. ಹನ್ನೆರಡು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತೆ ಹುರಿದು, ಆರು ಎಸಳು ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹುಳಿ, ಅರಸಿನ ಸೇರಿಸಿ ನುಣ್ಣಗೆ ರುಬ್ಬಿ. ಮಸಾಲೆ ಚೆನ್ನಾಗಿ ಕುದಿದು ಹಸಿವಾಸನೆ ಹೋದ ಮೇಲಷ್ಟೇ ಮೀನು ಹಾಕಿ. ಸೌಟು ಹಾಕದೆ ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ಏಳೆಂಟು ನಿಮಿಷ ಸಾಕು. ತೆಂಗಿನಕಾಯಿ ಇಲ್ಲದ್ದರಿಂದ ಮರುದಿನದವರೆಗೂ ಕೆಡದು, ಉಪ್ಪು ಹುಳಿ ಹಿಡಿದು ರುಚಿ ಇನ್ನೂ ಏರಿರುತ್ತದೆ.

ಜೂನ್ 1 ರಿಂದ ಜುಲೈ 31 ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಯ ಮೀನು ಬಂದರೂ ದುಬಾರಿ. ಆ ಎರಡು ತಿಂಗಳಿಗೆ ಬೇಕಾದ ಒಣಮೀನು, ಒಣ ಎಟ್ಟಿಯನ್ನು (ಸಿಗಡಿ) ಬಿಸಿಲಿರುವಾಗಲೇ ಕೊಂಡು, ಇನ್ನೊಮ್ಮೆ ಒಂದು ದಿನ ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿಡಿ. ಅಡುಗೆಗೆ ಮೊದಲು 20 ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿ ನೀರು ಚೆಲ್ಲಿ, ಉಪ್ಪು ಕಡಿಮೆಯಾಗುತ್ತದೆ. ರಕ್ತದೊತ್ತಡ ಇರುವವರಿಗೆ ಹಾಗಿದ್ದರೂ ಬೇಡ, ಅವರ ತಟ್ಟೆಗೆ ಮೊಟ್ಟೆಯೇ ಇರಲಿ.

ತೆಂಗಿನಕಾಯಿ

ಎರಡು ದಿನಕ್ಕೆ ಒಂದು ಕಾಯಿ ಎಂದು ಗೆರೆ ಎಳೆದುಕೊಳ್ಳಿ. ಗಸಿ ಮಾಡಿದ ಮರುದಿನ ಸಾರು, ಪುಳಿಮುಂಚಿ ಅಥವಾ ತಂಬುಳಿ. ಗಸಿಗೆ ಒಂದು ಕಡಿಯ (ಒಡೆದ ಕಾಯಿಯ ಒಂದು ಹೋಳು) ಬದಲು ಅರ್ಧ ಕಡಿ ತುರಿದು, ಒಂದು ಚಮಚ ನೆನೆಸಿದ ಬೆಳ್ತಿಗೆ ಅಕ್ಕಿ ಸೇರಿಸಿ ರುಬ್ಬಿದರೆ ಮಂದವಾಗುತ್ತದೆ. ಅಕ್ಕಿ ಎರಡು ಚಮಚ ದಾಟಿದರೆ ಗಸಿ ತಳ ಹಿಡಿಯುತ್ತದೆ, ಆರಿದ ಮೇಲೆ ಗಟ್ಟಿ ಮುದ್ದೆಯಾಗುತ್ತದೆ. ಒಡೆದ ಕಾಯಿಯಲ್ಲಿ ಕಣ್ಣಿರುವ ಕಡಿಯನ್ನು ಮೊದಲು ಬಳಸಿ, ಬೇಗ ಕೆಡುವುದು ಅದೇ.

ತರಕಾರಿ, ಸೊಪ್ಪು

ಬೀನ್ಸ್, ಕ್ಯಾರೆಟ್, ಹೂಕೋಸು ವಾರಕ್ಕೊಮ್ಮೆ ಸಾಕು. ಬಸಳೆ, ಹರಿವೆ, ನುಗ್ಗೆಸೊಪ್ಪು, ಪಪ್ಪಾಯಿ ಕಾಯಿ, ಬಾಳೆದಿಂಡು, ಹಲಸಿನ ಬೀಜ ಇಲ್ಲೇ ಸಿಗುವಾಗ ದೂರದ ಲಾರಿ ಬಾಡಿಗೆಯನ್ನು ನಾವೇಕೆ ಕೊಡಬೇಕು? ಮಂಗಳೂರು ಸೌತೆಯನ್ನು ಬೇಸಗೆಯಲ್ಲೇ ನಾಲ್ಕೈದು ಒಟ್ಟಿಗೆ ಕೊಂಡು, ಒಂದಕ್ಕೊಂದು ತಾಗದಂತೆ ತೆಂಗಿನ ಗರಿಯಿಂದಲೋ ಹಗ್ಗದಿಂದಲೋ ಕಟ್ಟಿ ತೂಗಹಾಕಿ. ತೊಟ್ಟು ಮುರಿದದ್ದು, ಗಾಯವಾದದ್ದು ಕೊಳೆಯುತ್ತದೆ, ಅವನ್ನು ಮೊದಲು ಮುಗಿಸಿ. ಹೆಚ್ಚಿದ ಕೂಡಲೇ ಒಂದು ಚೂರು ತಿಂದು ನೋಡಿ, ಕಹಿಯಾಗಿದ್ದರೆ ಇಡೀ ಕಾಯಿ ಬಿಸಾಡಿ. ಸರಿಯಿದ್ದರೆ ಹೋಳು ಹುಳಿಗೆ, ತಿರುಳು ದೋಸೆ ಹಿಟ್ಟಿಗೆ, ಎಳೆ ಸಿಪ್ಪೆ ಚಟ್ನಿಗೆ.

ಮಳೆಗಾಲ ಶುರುವಾದರೆ ತಗತೆ ಸೊಪ್ಪು, ತಿಮರೆ (ಒಂದೆಲಗ) ಅಂಗಳದಲ್ಲೇ ಎದ್ದು ಬರುತ್ತವೆ. ತಗತೆಯ ಎಳೆ ಚಿಗುರನ್ನು ಮಾತ್ರ ಕೊಯ್ಯಿರಿ, ಬಲಿತದ್ದು ಒಗರು. ರಸ್ತೆ ಬದಿಯದ್ದು, ಚರಂಡಿ ಪಕ್ಕದ್ದು ಬೇಡ. ಒಂದು ಹಿಡಿ ತಿಮರೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಎರಡು ಚಮಚ ತುರಿ ರುಬ್ಬಿ ಎರಡು ಲೋಟ ಮಜ್ಜಿಗೆಗೆ ಬೆರೆಸಿದರೆ ಒಲೆ ಹಚ್ಚದೆ ತಂಬುಳಿ. ಪತ್ರೊಡೆಗೆ ಕೆಸುವಿನ ಎಲೆ ತಂದರೆ ಹುಣಸೆಹುಳಿ ಧಾರಾಳ ಹಾಕಿ, ಹಬೆಯಲ್ಲಿ ಮುಕ್ಕಾಲು ಗಂಟೆಯಾದರೂ ಬೇಯಿಸಿ. ಅವಸರ ಮಾಡಿದರೆ ಎಲೆಯಲ್ಲಿರುವ ಸೂಜಿಯಂಥ ಹರಳುಗಳು ಗಂಟಲು ಕೆರೆಯುತ್ತವೆ.

ಬಸಳೆ ಕಟ್ಟು ತಂದ ದಿನ ದಪ್ಪ ದಂಟಿನ ಗೆಣ್ಣಿರುವ ಎರಡು ತುಂಡು ಎತ್ತಿಟ್ಟು, ಒಂದು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಹಳೆಯ ಬಕೆಟ್ಟಿನಲ್ಲಿ ನೆಡಿ. ತಳಕ್ಕೆ ತೂತು ಇರಲಿ, ನೀರು ನಿಂತರೆ ಬುಡ ಕೊಳೆಯುತ್ತದೆ. ಬೇರು ಹಿಡಿದ ಮೇಲೆ ಬಳ್ಳಿಯನ್ನು ಕಿಟಕಿಯ ಸರಳಿಗೆ ಹಬ್ಬಿಸಿ, ತುದಿ ಚಿವುಟುತ್ತ ಇದ್ದರೆ ಪಕ್ಕಕ್ಕೆ ಕವಲೊಡೆಯುತ್ತದೆ.